ಮುಂದಕ್ಕಷ್ಟೇ ಕಡಿಯೋದು

ಗುತ್ತಲು ರಸ್ತೆಯ ತಗಡಿನ ಶೆಡ್ಡಿನಲ್ಲಿ
ಮೊದಲ ದಿನ ನಂಜಾಚಾರಿ ನನ್ನ ಕೈಗೆ ಅರ ಕೊಡಲಿಲ್ಲ,
ಅರದ ಹಿಡಿ ಕೊಟ್ಟರು. ಬರೀ ಜಾಲಿಮರದ ಹಿಡಿ.
"ಅಂಗೈಲಿಟ್ಕೊಂಡು ಒಂದಿನ ಓಡಾಡ್ಕೊಂಡು ಬಾ ಕಣವ್ವ."
ಅದನ್ನು ಹಿಡಿದೇ ಬಸ್ಸು ಹತ್ತಿದೆ,
ಕಂಡಕ್ಟರು ಚಿಲ್ಲರೆ ಕೊಡಲು ಕೈ ಚಾಚಿ ಕಾದ.

ಮಾರನೆಯ ದಿನ ಗೋಡೆ ತೋರಿಸಿದರು.
ಮೊಳೆಗೊಂದು ಅರ, ಒಂದಕ್ಕೊಂದು ತಾಗದಂತೆ,
ಮಾತು ಬಿಟ್ಟ ಓರಗಿತ್ತಿಯರ ಹಾಗೆ.
ಒಂದೇ ಡಬ್ಬಕ್ಕೆ ಹಾಕಿದರೆ ಒಂದರ ಹಲ್ಲನ್ನು ಇನ್ನೊಂದು ಮುರಿಯುತ್ತದಂತೆ.
ಚಪ್ಪಟೆಯದು, ಅರೆಗುಂಡಿನದು,
ಗರಗಸ ಮಸೆಯುವ ಮುಮ್ಮೂಲೆ,
ತೂತಿಗೆ ನುಗ್ಗುವ ಇಲಿಬಾಲ.
ಒಂದರ ಅಂಚಿಗೆ ಹಲ್ಲೇ ಇಲ್ಲ:
"ಇದು ಪಕ್ಕದ ಗೋಡೆ ಕೆರೀದೆ ತನ್ ಕೆಲಸ ಮಾಡ್ತದೆ.
ಅಂಥ ಜನ ಕಮ್ಮಿ."

ಒರಟು ಅರ ತರಲು ವಿ.ವಿ. ರಸ್ತೆಗೆ ಕಳಿಸಿದರು.
ಹೆಸರು ಚೀಟಿಯಲ್ಲಿತ್ತು. ಹಾರ್ಡ್‌ವೇರ್ ಅಂಗಡಿಯವನಿಗೆ
"ಹನ್ನೆರಡಿಂಚಿನ ಬಾಸ್ಟರ್ಡ್" ಅಂತ ಗಟ್ಟಿಯಾಗಿ ಓದಿದೆ.
ಬಣ್ಣದ ಡಬ್ಬ ಕೊಳ್ಳುತ್ತಿದ್ದ ಇಬ್ಬರು ತಿರುಗಿ ನೋಡಿದರು.
ಅದು ಬೈಗುಳ ಅಂತ ತಿಳಿದದ್ದು ಎರಡು ವರ್ಷ ಕಳೆದ ಮೇಲೆ.

ಹೊಸ ಅರಕ್ಕೆ ಮೊದಲು ಹಿತ್ತಾಳೆ ತಿನ್ನಿಸು, ಆಮೇಲೆ ಕಬ್ಬಿಣ.
ಹಲ್ಲಿಗೆ ಸೀಮೆಸುಣ್ಣ ಬಳಿ.
ಪುಡಿ ಕಚ್ಚಿಕೊಂಡರೆ ತಂತಿಬ್ರಷ್ಷು.
ಎಣ್ಣೆ ಸೋಕಿಸಬೇಡ,
ಉಜ್ಜಿದ ಜಾಗಕ್ಕೆ ಬೆರಳೂ ಸೋಕಿಸಬೇಡ, ಬೆರಳಲ್ಲೂ ಎಣ್ಣೆ ಇದೆ.
ವೈಸಿನ ಬಾಯಿ ಮೊಣಕೈ ಮಟ್ಟಕ್ಕಿರಲಿ, ಎಡಗಾಲು ಮುಂದಿರಲಿ.
ಹೋಗುವಾಗ ಒತ್ತು, ಬರುವಾಗ ಎತ್ತು.
ಕಿರ್ ಅಂದರೆ ತಪ್ಪು ಕೈಯದು,
ಜಾರಿದರೆ ಅರದ್ದು.

ಆಮೇಲೆ ಒಂದು ಕಬ್ಬಿಣದ ತುಂಡು:
"ಎರಡಂಗುಲ. ಆರು ಮುಖ. ಬೆಳಕು ತೂರಬಾರದು."
ಮೂಲೆಮಟ್ಟ ಇಟ್ಟು ಕಿಟಕಿಗೆ ಹಿಡಿದೆ.
ಕೂದಲೆಳೆಯಷ್ಟು ಬೆಳಕು.
ಈ ಕಡೆ ಉಜ್ಜಿದರೆ ಆ ಕಡೆ.
ಅದು ಕಬ್ಬು ಅರೆಯುವ ಕಾಲ. ಒಗೆದು ಹಾಕಿದ ಲಂಗದ ಮೇಲೆ
ಸಕ್ಕರೆ ಕಾರ್ಖಾನೆಯ ಕರಿಬೂದಿ ಕೂರುತ್ತಿತ್ತು,
ಸೈರನ್ನು ಮೂರು ಪಾಳಿಗೂ ಕೂಗುತ್ತಿತ್ತು,
ನನ್ನ ತುಂಡಿನಲ್ಲಿ ಬೆಳಕು ಜಾಗ ಬದಲಾಯಿಸುತ್ತಲೇ ಇತ್ತು.

ಬೆಳಕು ನಿಂತ ದಿನ ಓಡಿಹೋಗಿ ತೋರಿಸಿದೆ.
ಅವರು ಅಳೆದರು. ಒಂದೂವರೆ.
"ಮಟ್ಟ ಸರಿಯಾಗದೆ. ಅರ್ಧ ಅಂಗುಲ ಎಲ್ಲಿ?"
ನಾನು ನೆಲ ತೋರಿಸಿದೆ.
ಅವರು ನಗಲಿಲ್ಲ.

ಅದೇ ವಾರ ಬೆಲ್ಲದ ಅಂಗಡಿಯ ಹೈದೇಗೌಡರು
ಟವಲಿನಲ್ಲಿ ಸುತ್ತಿ ಒಂದು ಕೇಜಿ ಕಲ್ಲು ತಂದರು.
"ಹತ್ತು ಗ್ರಾಂ ಕೆರೆದ್ಕೊಡಿ ಆಚಾರ್ರೇ. ಇದು ಕೊಡೋ ಕಲ್ಲು.
ತಗಳೋ ಕಲ್ಲು ಬ್ಯಾರೆ ಅದೆ."
ನಂಜಾಚಾರಿ ಕಲ್ಲನ್ನು ಬುಡ ಮೇಲಾಗಿ ವೈಸಿಗೆ ಕಚ್ಚಿಸಿದರು,
ಗೋಡೆಯಿಂದ ಒಂದು ಅರ ಆರಿಸಿ,
ಹಿಡಿ ಗೌಡರ ಕಡೆ ತಿರುಗಿಸಿ ನೀಡಿದರು.
"ಅರ ನಂದು. ಕೈ ನಿಮ್ದು."

ಗೌಡರು ಹಿಂದಕ್ಕೂ ಮುಂದಕ್ಕೂ ಉಜ್ಜಿದರು,
ಖುರಾಕು ಹಾಕಿ ಕುದುರೆ ತಿಕ್ಕಿದ ಹಾಗೆ.
ಕಿರ್ ಕಿರ್. ಬಿಳಿ ಪಂಚೆಗೆಲ್ಲ ಪುಡಿ.
ಮುಗಿದ ಮೇಲೆ ಆಚಾರಿ ಬ್ರಷ್ಷಿನಿಂದ ಒಂದು ಕಣ ಬಿಡದೆ ಗುಡಿಸಿ
ಕ್ಯಾಲೆಂಡರಿನ ಹಾಳೆಯಲ್ಲಿ ಪೊಟ್ಟಣ ಕಟ್ಟಿದರು,
ಮೇಲೆ ಪೆನ್ಸಿಲಿನಲ್ಲಿ ಬರೆದರು: ಹೈದೇಗೌಡರದು.
"ನಿಮ್ ಮಾಲು ನಮ್ ತಾವು ಜೋಪಾನವಾಗಿರ್ತದೆ."

ಎರಡು ಸಂತೆ ಕಳೆದು ಗೌಡರು ಬಂದರು.
ಕೂತರು, ಟೀ ಕುಡಿದರು, ಪೊಟ್ಟಣ ನೋಡಿದರು.
"ಅದ ಮತ್ತೆ ಅಂಟ್ಸಕ್ಕಾಯ್ತದಾ?"
"ಅರ ಮುಂದಕ್ಕಷ್ಟೇ ಕಡಿಯೋದು ಗೌಡ್ರೇ."

ಈಗ ಶೆಡ್ಡು ನನ್ನದು. ಮೊಳೆಗಳೂ ಅವೇ.
ಪೊಟ್ಟಣದ ಮೇಲಿನ ಹೆಸರು ಅಳಿಸಿದೆ,
ಒಳಗೆ ತುಕ್ಕು ಹಿಡಿದು ಒಂದೇ ಗಟ್ಟಿಯಾಗಿರಬಹುದು, ಬಿಚ್ಚಿ ನೋಡಿಲ್ಲ.
ಗಾಳಿಗೆ ಹಾರದಿರಲಿ ಅಂತ ಮೇಲೆ
ನನ್ನ ಒಂದೂವರೆ ಅಂಗುಲ ಇಟ್ಟಿದ್ದೇನೆ.